ಅತ್ತೆಯ ತವರಿನ ಮೀನು

ನಮ್ಮ ಮನೆಯ ಹಿತ್ತಲಿನಲ್ಲಿ ಕೊಳ ಇದೆ ಎಂದರೆ ಹೊಸಬರು ನಂಬುವುದಿಲ್ಲ. ಚಾಮರಾಜಪೇಟೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ, ಕೊಳ ಎಲ್ಲಿಂದ ಬಂತು ಎನ್ನುತ್ತಾರೆ. ಕೊಳವೆಂದರೆ ದೊಡ್ಡದೇನಲ್ಲ. ನಾಲ್ಕು ಮೆಟ್ಟಿಲು ಇಳಿದರೆ ನೀರು ಸಿಗುವ, ಸುತ್ತ ಕಲ್ಲು ಕಟ್ಟಿದ ಹೊಂಡ. ಎರಡು ಮಂಚಗಳನ್ನು ಅಕ್ಕಪಕ್ಕ ಇಟ್ಟರೆ ಮುಚ್ಚಿಹೋಗುವಷ್ಟು. ನನ್ನ ಗಂಡನ ತಾತ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟು ನಾಲ್ಕು ಕಾಸು ಕಂಡಮೇಲೆ ಈ ಮನೆ ಕಟ್ಟಿಸಿದರಂತೆ. ಬಿಲ್ವದ ಮರಕ್ಕೂ ಹೂವಿನ ಗಿಡಗಳಿಗೂ ನೀರಿರಲಿ ಎಂದು ಹಿತ್ತಲಲ್ಲಿ ಈ ಹೊಂಡ ತೋಡಿಸಿದರು. ಚಾವಣಿಯ ಮಳೆನೀರು ಅದಕ್ಕೆ ಬಂದು ಸೇರುತ್ತದೆ, ತಳದಲ್ಲೆಲ್ಲೋ ಒಂದು ಸಣ್ಣ ಒರತೆಯೂ ಇದೆ.

ಮಧ್ಯಾಹ್ನದ ಊಟವಾದ ಮೇಲೆ ಆ ಮೆಟ್ಟಿಲ ಮೇಲೆ ಕೂತರೆ ಎಚ್ಚರವೋ ಮಂಪರೋ ತಿಳಿಯುವುದಿಲ್ಲ. ಕಾಂಪೌಂಡಿನ ಆಚೆ ಆಟೋಗಳು ಕಿರುಚುತ್ತಿರುತ್ತವೆ, ಯಾರದೋ ಮನೆಯ ಕುಕ್ಕರ್ ಕೂಗುತ್ತದೆ. ಸ್ವಲ್ಪ ಹೊತ್ತಿಗೆ ಅವೆಲ್ಲ ಬೇರೆ ಊರಿನ ಸದ್ದುಗಳಾಗಿ ದೂರ ಸರಿಯುತ್ತವೆ. ಬಿಲ್ವದ ಎಲೆಗಳ ಸಂದಿಯಿಂದ ಬಿಸಿಲು ಚೂರುಚೂರಾಗಿ ನೀರಿಗೆ ಬೀಳುತ್ತದೆ. ಆ ಚೂರುಗಳಲ್ಲಿ ಕೆಲವು ತಮ್ಮಷ್ಟಕ್ಕೆ ತಾವೇ ಓಡಾಡತೊಡಗಿದರೆ ಅವು ಬಿಸಿಲಲ್ಲ, ಮೀನು. ಕಿರುಬೆರಳಿನಷ್ಟು ಉದ್ದ, ಬೆಳ್ಳಿಯ ಮೈ, ಬಾಲದ ಬುಡದಲ್ಲಿ ದೃಷ್ಟಿಬೊಟ್ಟಿನ ಹಾಗೆ ಒಂದು ಕಪ್ಪು ಚುಕ್ಕೆ. ನಾನು ಮೊದಲಿನಿಂದಲೂ ಸಿಡುಕಿ. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಸಿಟ್ಟು ನೆತ್ತಿಗೇರಿದಾಗಲೆಲ್ಲ ಇಲ್ಲಿ ಬಂದು ಕೂರುತ್ತಿದ್ದೆ. ಅತ್ತೆ ಕಾಫಿ ಲೋಟ ಹಿಡಿದು ಹಿಂದೆಯೇ ಬರುತ್ತಿದ್ದರು.

"ಕೋಪ ಇಳೀತಾ? ಇಲ್ಲಾಂದ್ರೆ ಇನ್ನೂ ಸ್ವಲ್ಪ ಹೊತ್ತು ಕೂತಿರು. ಅವು ಎಲ್ಲಾ ನುಂಗ್ಕೊಂಡ್ಬಿಡ್ತವೆ" ಎನ್ನುತ್ತಿದ್ದರು.

ಆ ಮೀನುಗಳು ಅತ್ತೆಯ ತವರಿನವು. ತುಮಕೂರು ಕಡೆಯ ಒಂದು ಹಳ್ಳಿಯ ಕೆರೆಯವು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಊರ ಕೆರೆಯ ನೀರನ್ನು ಒಂದು ಮಣ್ಣಿನ ಮಡಕೆಯಲ್ಲಿ ತುಂಬಿ ಕಳಿಸುವುದು, ಅದನ್ನು ಹೊಸ ಮನೆಯ ಬಾವಿಗೋ ತೊಟ್ಟಿಗೋ ಬೆರೆಸುವುದು ಅವರ ಮನೆತನದ ಪದ್ಧತಿ. ನೀರು ಹೊಂದಿಕೊಂಡರೆ ಹುಡುಗಿಯೂ ಹೊಂದಿಕೊಳ್ಳುತ್ತಾಳೆ ಎಂದು. ಅತ್ತೆಯ ಮಡಕೆಯಲ್ಲಿ ನೀರಿನ ಜೊತೆ ಮೀನಿನ ಮರಿಗಳೂ ಬಂದುಬಿಟ್ಟಿದ್ದವು. ಅವು ಕೊಳದಲ್ಲಿ ಉಳಿದವು, ಬೆಳೆದವು, ಮನೆಮಂದಿಯೇ ಆದವು. ನಮ್ಮದು ಮೀನು ಮುಟ್ಟದ ಮನೆ. ತಿನ್ನುವವರಿಗೆ ಮೀನಿನ ಹೆಸರು ಬೇಕು, ನಮಗೆ ಯಾಕೆ? ತವರಿನ ಮೀನು ಎಂದಷ್ಟೇ ಕರೆಯುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ ಅತ್ತೆಯನ್ನು ಆ ಊರಿಗೆ ಕರೆದುಕೊಂಡು ಹೋಗಿದ್ದೆ. ಕೆರೆ ಇರಲಿಲ್ಲ. ಸೈಟುಗಳಾಗಿ, ಮನೆಗಳಾಗಿ, ಒಂದು ಬೇಕರಿಯೂ ಆಗಿತ್ತು. ಅತ್ತೆ ಬೇಕರಿಯ ಮುಂದೆ ನಿಂತು ನೆಲವನ್ನೇ ನೋಡಿದರು. "ಇಲ್ಲೇ ಎಲ್ಲೋ ಕೊಡ ತುಂಬ್ಕೋತಿದ್ವಿ" ಎಂದರು. ಮನೆಗೆ ಬಂದವರೇ ಚಪ್ಪಲಿ ಬಿಟ್ಟು ನೇರ ಕೊಳದ ಹತ್ತಿರ ಹೋಗಿ ಒಂದು ಹಿಡಿ ಕಡ್ಲೆಪುರಿ ಹಾಕಿದರು. ಆ ಕೆರೆಯದು ಎಂದು ಉಳಿದಿದ್ದು ನಮ್ಮ ಹಿತ್ತಲಿನಲ್ಲಿ ಆಡುತ್ತಿದ್ದ ಇಷ್ಟು ಮೀನು ಮಾತ್ರ ಎಂದು ಆವತ್ತು ನನಗೆ ಹೊಳೆಯಿತು.

ಕೊಳದ ಸುತ್ತ ಗರಿಕೆ ಬೆಳೆದಿತ್ತು. ಅದನ್ನು ಯಾರೂ ನೆಟ್ಟಿದ್ದಲ್ಲ, ನಾವೆಲ್ಲ ಬರುವ ಮೊದಲಿನಿಂದಲೂ ಇತ್ತು. ಮೆಟ್ಟಿಲ ಸಂದಿಗಳಲ್ಲಿ ಬೇರೂರಿ, ಕಲ್ಲಂಚಿನಿಂದ ಜಡೆಯ ಹಾಗೆ ನೀರಿಗೆ ಇಳಿಬಿದ್ದಿತ್ತು. ಮುಂಗಾರಿನ ಮೊದಲ ಮಳೆಗಳಲ್ಲಿ ಮೀನುಗಳು ಆ ಎಳೆಗಳ ನಡುವೆ ನುಗ್ಗಿ ಮೊಟ್ಟೆಯಿಡುತ್ತಿದ್ದವು. ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು ಎಳೆಗಳಿಗೆ ಅಂಟಿಕೊಂಡು ಮಿನುಗುತ್ತಿದ್ದವು. ಗಣೇಶನ ಹಬ್ಬ ಬಂತೆಂದರೆ ನಮ್ಮ ರಸ್ತೆಯವರೆಲ್ಲ ಗರಿಕೆಗೆ ನಮ್ಮ ಹಿತ್ತಲಿಗೇ ಬರುತ್ತಿದ್ದರು. ನೀರಿಗೆ ಇಳಿದಿರುವುದನ್ನು ಮಾತ್ರ ಕೀಳಬೇಡಿ, ಅದು ಮೀನಿನದು ಎಂದು ಅತ್ತೆ ಎಲ್ಲರಿಗೂ ತಾಕೀತು ಮಾಡುತ್ತಿದ್ದರು.

ಇಷ್ಟು ಚೆನ್ನಾಗಿದ್ದದ್ದು ಕೆಟ್ಟದ್ದು ಹೇಗೆ ಎಂದರೆ, ಅತ್ತೆಯ ಕರುಣೆಯಿಂದ.

ಒಂದು ಶಿವರಾತ್ರಿಯ ಬೆಳಿಗ್ಗೆ ನಾವಿಬ್ಬರೂ ದೇವಸ್ಥಾನದಿಂದ ನಡೆದುಕೊಂಡು ಬರುತ್ತಿದ್ದೆವು. ಉಪವಾಸದ ಹಗುರ, ಹಣೆಯ ಮೇಲೆ ವಿಭೂತಿಯ ತಂಪು, ಎಲ್ಲವೂ ಸ್ವಲ್ಪ ತೇಲಿದಂತೆ ಕಾಣುವ ಹೊತ್ತು. ಮಾರ್ಕೆಟ್ ಕಡೆಗೆ ತಿರುಗುವ ಮೂಲೆಯಲ್ಲಿ ಒಬ್ಬ ಪ್ಲಾಸ್ಟಿಕ್ ಟಬ್ಬಿನಲ್ಲಿ ಜೀವಂತ ಮೀನು ಮಾರುತ್ತಿದ್ದ. ಅಂಗೈ ಅಗಲದ ಕಪ್ಪು ಮೀನುಗಳು ಬಾಯಿ ತೆರೆದು ಮುಚ್ಚಿ ಒದ್ದಾಡುತ್ತಿದ್ದವು. ಅತ್ತೆಯ ಕಾಲು ಅಲ್ಲೇ ನಿಂತಿತು.

"ಇವತ್ತು ಒಂದಾದ್ರೂ ಜೀವ ಉಳೀಲಿ ಕಣೇ" ಎಂದರು ನನಗೆ.

ಮಾರುವವನು ಕತ್ತಿ ತೆಗೆದ. "ಕ್ಲೀನ್ ಮಾಡ್ಕೊಡ್ಲಾ ಅಜ್ಜಿ?"

"ಅಯ್ಯೋ ಶಿವನೇ! ಹಾಗೇ ಕೊಡಪ್ಪಾ, ನೀರು ಹಾಕಿ ಕೊಡು!"

ಅವನು ನಮ್ಮ ಹಣೆಯ ವಿಭೂತಿಯನ್ನೂ ಮೀನನ್ನೂ ಒಮ್ಮೆ ನೋಡಿ ನಾಲ್ಕೈದನ್ನು ಕವರಿಗೆ ಹಾಕಿಕೊಟ್ಟ. ಪೂಜೆಯ ಬುಟ್ಟಿ ಒಂದು ಕೈಯಲ್ಲಿ, ಮೀನಿನ ಕವರು ಇನ್ನೊಂದು ಕೈಯಲ್ಲಿ ಹಿಡಿದು ಶಿವರಾತ್ರಿಯ ದಿನ ನಾನು ಚಾಮರಾಜಪೇಟೆಯ ರಸ್ತೆಯಲ್ಲಿ ನಡೆದ ಸಂಭ್ರಮವನ್ನು ನೋಡಬೇಕಿತ್ತು ನೀವು. ಕೊಳಕ್ಕೆ ಬಿಟ್ಟೊಡನೆ ಅವು ಮೈಕೊಡವಿ ಆಳಕ್ಕೆ ಹೋದವು. ಅತ್ತೆಯ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಕಂಡಿದ್ದು ಕಡಿಮೆ.

ಅದೇ ಬೇಸಿಗೆಯಲ್ಲಿ ನಮ್ಮ ಮಗಳ ನಿಶ್ಚಿತಾರ್ಥ. ಹಿತ್ತಲಲ್ಲೇ ಶಾಮಿಯಾನ ಹಾಕಿಸೋಣ ಎಂದರು ಯಜಮಾನರು. ಬೀಗರ ಮುಂದೆ ಹಿತ್ತಲು ಕಾಡಿನ ಹಾಗೆ ಕಾಣಬಾರದಲ್ಲ! ಯಾರನ್ನೋ ಕರೆಸಿ ಗರಿಕೆಯನ್ನೆಲ್ಲ ಕಳೆ ಎಂದು ಕೆತ್ತಿಸಿ ಎಸೆದರು. ಚಾಪೆ ಬಿಚ್ಚಿದ ಹಾಗೆ ಮೆಕ್ಸಿಕನ್ ಹುಲ್ಲನ್ನು ಹಾಸಿಸಿದರು. ಅಂಚಿಗೆ ಚೆಂದ ಎಂದು ಹಳದಿ ಹೂವಿನ ಒಂದು ಬಳ್ಳಿಯನ್ನೂ ನೆಡಿಸಿದರು. ಫೋಟೋಗಳು ಚೆನ್ನಾಗಿ ಬಂದವು, ಇಲ್ಲ ಎನ್ನುವುದಿಲ್ಲ. ಅಷ್ಟರಮೇಲೆ ಆ ಹುಲ್ಲಿಗೆ ದಿನಾ ನೀರು, ತಿಂಗಳಿಗೊಮ್ಮೆ ಗೊಬ್ಬರ. ಅಳಿಯನಿಗಿಂತ ಹೆಚ್ಚು ಉಪಚಾರ ಆಯಿತು ಅದಕ್ಕೆ. ಹಳದಿ ಬಳ್ಳಿಯಂತೂ ಯಾರನ್ನೂ ಕೇಳದೆ ಮೆಟ್ಟಿಲುಗಳನ್ನೇ ಹತ್ತಿ ಇಳಿಯಿತು. ಆ ವರ್ಷ ಗಣೇಶನ ಹಬ್ಬಕ್ಕೆ ನಾವೇ ಗಾಂಧಿ ಬಜಾರಿಗೆ ಹೋಗಿ ಗರಿಕೆ ಕೊಂಡುತಂದೆವು.

ಕೊಳದಲ್ಲಿ ಆ ಕಪ್ಪು ಮೀನುಗಳು ಹೆಚ್ಚಿದವು. ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. ಒಂದು ದೊಡ್ಡ ಮೀನು ಮೆಟ್ಟಿಲ ಬಳಿ ನಿಂತಿತ್ತು, ಸುತ್ತಲೂ ಎಳ್ಳುಕಾಳಿನಂಥ ಮರಿಗಳು. ನಮ್ಮ ನೆರಳು ನೀರಿಗೆ ಬಿದ್ದದ್ದೇ ತಡ, ತಾಯಿ ಬಾಯಿ ತೆರೆಯಿತು, ಮರಿಗಳೆಲ್ಲ ಒಳಕ್ಕೆ ಹೋಗಿ ಸೇರಿಕೊಂಡವು.

"ನೋಡ್ದ್ಯಾ? ಮಕ್ಕಳನ್ನ ಬಾಯಲ್ಲೇ ಇಟ್ಕೊಂಡು ಸಾಕ್ತಾಳೆ. ತಾನು ಏನು ತಿಂತಾಳೋ, ಎಂತೋ" ಎಂದರು ಅತ್ತೆ. ಅವರ ಕಣ್ಣು ತುಂಬಿತ್ತು. ಆ ರಾತ್ರಿ ಕನಸಿನಲ್ಲಿ ನಮ್ಮ ಮನೆಯ ನಡುಮನೆಯೇ ನೀರಾಗಿತ್ತು. ಕುರ್ಚಿ ಮೇಜುಗಳ ನಡುವೆ ಆ ತಾಯಿಮೀನು ಮೆಲ್ಲಗೆ ಈಜುತ್ತಿತ್ತು, ನಾವೆಲ್ಲ ಅದರ ಬಾಯೊಳಗೆ ಬೆಚ್ಚಗೆ ಕೂತಿದ್ದೆವು.

ಆ ಸೊಗಸಿನಲ್ಲಿ ತವರಿನ ಮೀನು ಕಡಿಮೆಯಾಗುತ್ತಿದ್ದುದು ಯಾರಿಗೂ ಕಾಣಲಿಲ್ಲ. ಮರುವರ್ಷದ ಬೇಸಿಗೆ ಶುರುವಾಗುವಾಗ, ಹಿತ್ತಲಿನಾಚೆಯ ಮನೆಯ ನನ್ನ ಗೆಳತಿ ನೋಡಿ ಹೇಳಿದ ಮೇಲೆಯೇ ಗೊತ್ತಾದದ್ದು. ಅವರದು ಕುಣಿಗಲ್ ಕಡೆಯ ಒಕ್ಕಲು ಮನೆತನ. ಈಗ ಗಂಡ ಸೈಟು ವ್ಯಾಪಾರ ಮಾಡುತ್ತಾರೆ. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಚಿಕ್ಕ ಗೇಟಿದೆ. ನಾನೂ ಅವಳೂ ದಿನಕ್ಕೊಮ್ಮೆಯಾದರೂ ಅದನ್ನು ದಾಟುತ್ತೇವೆ.

"ಇದೇನೇ ಇದು, ಜಿಲೇಬಿ ಮೀನು ಸಾಕ್ತಿದೀರಾ?" ಎಂದಳು.

"ಶಿವರಾತ್ರಿಗೆ ಅತ್ತೆ ಬಿಟ್ಟಿದ್ದು."

"ಬಿಟ್ಟಿದ್ದು ಸರಿ. ಇವು ಇದ್ದ ಕಡೆ ಬೇರೆ ಮೀನು ಉಳಿಯಲ್ಲ ಕಣೇ. ಮೊಟ್ಟೆನೂ ಬಿಡಲ್ಲ, ಹುಲ್ಲೂ ಬಿಡಲ್ಲ. ನಮ್ಮೂರ ಕೆರೆಯಲ್ಲಿ ಈಗ ಇದೊಂದೇ."

ನಾನು ಬಗ್ಗಿ ಹುಡುಕಿದೆ. ಬಿಸಿಲಿನ ಚೂರುಗಳಿದ್ದವು, ಅವು ಬರೀ ಬಿಸಿಲು. ಆ ಸಂಜೆ ಹಳೆಯ ಪಂಚೆಯ ತುದಿಗಳನ್ನು ನಾನೂ ಅವಳೂ ಹಿಡಿದು ಕೊಳವನ್ನೆಲ್ಲ ಸೋಸಿದೆವು. ಮೂಲೆಯ ಕಲ್ಲಿನ ಪೊಟರೆಯಲ್ಲಿ ಅಡಗಿದ್ದ ಒಂದು ಬೊಗಸೆಯಷ್ಟು ತವರಿನ ಮೀನು ಸಿಕ್ಕವು, ಅಷ್ಟೇ. ಅವುಗಳನ್ನು ಬಟ್ಟೆ ಒಗೆಯುವ ಜಾಗದ ಹಳೆಯ ಕಲ್ಲುಬಾನಿಗೆ ಬಿಟ್ಟು ಮೇಲೆ ಜಾಲರಿ ಮುಚ್ಚಿದೆವು. ಬೇಸಿಗೆಯ ಆ ಬಿಸಿಲಿನಲ್ಲಿ ಬಾನಿಯ ನೀರು ಮಧ್ಯಾಹ್ನಕ್ಕೆ ಬೆಚ್ಚಗಾಗುತ್ತಿತ್ತು. ಅಲ್ಲಿ ಅವು ಬಹಳ ದಿನ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೊಳ ಖಾಲಿಯಾಗಲೇಬೇಕಿತ್ತು.

"ಜಿಲೇಬಿನೆಲ್ಲ ಹಿಡಿದು ಯಾವ್ದಾದ್ರೂ ಕೆರೆಗೆ ಬಿಟ್ಬಿಡೋಣ, ಪಾಪವೂ ಬೇಡ, ತಂಟೆಯೂ ಬೇಡ" ಎಂದರು ಯಜಮಾನರು.

"ಕೆರೆಯಲ್ಲಿ ಇನ್ಯಾರ ತವರಿನ ಮೀನು ಇದೆಯೋ ಏನೋ! ನಮ್ಮನೆ ಪಾಪ ತೊಳ್ಕೊಳ್ಳೋಕೆ ಇನ್ನೊಬ್ಬರ ನೀರು ಕೆಡಿಸ್ತೀರಾ?" ಎಂದು ನಾನು ಗದರಿದೆ. ಜಿಲೇಬಿಯನ್ನು ಎಲ್ಲಿಗೂ ಬಿಡುವಂತಿಲ್ಲ, ಕೊಲ್ಲಬೇಕು. ಆ ಮಾತನ್ನು ಈ ಮನೆಯಲ್ಲಿ ಬಾಯಿಬಿಟ್ಟು ಹೇಳಿದವಳು ನಾನೇ.

ಅತ್ತೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಇರುವೆ ಸಾಲು ಅಡ್ಡ ಬಂದರೆ ಸುತ್ತಿಕೊಂಡು ಹೋಗುವ ಹೆಂಗಸು. "ಶಿವರಾತ್ರಿ ದಿನ ಉಳಿಸಿದ ಜೀವ. ನಾನಿರೋವರ್ಗೂ ಆಗಲ್ಲ" ಎಂದುಬಿಟ್ಟರು. ನಾನೂ ಸುಮ್ಮನಿರಲಿಲ್ಲ. "ಹಾಗಾದ್ರೆ ನಿಮ್ಮ ತವರು ಆ ಬೇಕರಿ ಮುಂದೇನೇ ಮುಗೀಲಿ" ಎಂದೆ. ಮಾತು ಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲವಲ್ಲ. ಅವರು ಎದ್ದು ದೇವರಮನೆಗೆ ಹೋದರು. ಆಮೇಲೆ ಕೆಲವು ದಿನ ನಮ್ಮಿಬ್ಬರ ನಡುವೆ ಉಪ್ಪು ಬೇಕಾ, ಮಜ್ಜಿಗೆ ಬೇಕಾ ಎನ್ನುವಷ್ಟೇ ಮಾತು. ಅತ್ತೆ ಬೆಳಿಗ್ಗೆ ಕೊಳಕ್ಕೂ ಕಡ್ಲೆಪುರಿ ಹಾಕುತ್ತಿದ್ದರು, ಬಾನಿಗೂ ಹಾಕುತ್ತಿದ್ದರು.

ಒಂದು ಸಂಜೆ, ಮುಂಗಾರಿಗೆ ಮುಂಚಿನ ದೊಡ್ಡ ಮಳೆ ಸುರಿಯಿತು. ಸಂಕಷ್ಟಿಗೆಂದು ಬಜಾರಿನಿಂದ ತಂದಿದ್ದ ಗರಿಕೆಯ ಕಟ್ಟನ್ನು ಅತ್ತೆ ಪೂಜೆಯಾದ ಮೇಲೆ ಬಾನಿಯಲ್ಲಿ ತೇಲಿಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಅದರ ಎಳೆಗಳಿಗೆ ಮೊಟ್ಟೆ! ಇದ್ದದ್ದೇ ಕೆಲವು ಮೀನು, ಅವೂ ಸೊರಗಿದ್ದವು, ಆದರೂ ಮಳೆಯ ವಾಸನೆಗೆ ಕಾದಿದ್ದವೇನೋ. ನಾನು ಹಾಲು ತರಲು ಹೋಗಿದ್ದೆ. ಬಾನಿಯಲ್ಲಿ ಮರಿಗಳಿಗೆ ಜಾಗ ಸಾಲದು ಎಂದು ಅತ್ತೆಯ ಕರುಳು ಮಿಡಿಯಿತು. ಆ ಕಟ್ಟನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಕೊಳಕ್ಕೆ ಇಳಿಬಿಟ್ಟರು.

ನಾನು ಬರುವಷ್ಟರಲ್ಲಿ ಅವರು ಕೊನೆಯ ಮೆಟ್ಟಿಲ ಮೇಲೆ ಕೂತಿದ್ದರು. ಸೀರೆಯ ಅಂಚು ನೀರಿನಲ್ಲಿ ನೆನೆಯುತ್ತಿತ್ತು. ಕಪ್ಪು ಮೀನುಗಳು ಗುಂಪುಗುಂಪಾಗಿ ಗರಿಕೆಯ ಕಟ್ಟನ್ನು ಎಳೆದಾಡುತ್ತಿದ್ದವು. ಎಳೆಗಳ ಮೇಲೆ ಒಂದು ಮೊಟ್ಟೆಯೂ ಉಳಿದಿರಲಿಲ್ಲ.

"ನಾನೇ ಕೈಯಾರೆ ಹಾಕ್ದೆ. ಎಲೆ ಹಾಕಿ ಬಡಿಸ್ದಂಗೆ ಹಾಕ್ದೆ" ಎಂದರು.

ನನ್ನ ನಾಲಿಗೆಯ ತುದಿಯಲ್ಲಿ ಬೇಕಾದಷ್ಟು ಮಾತಿತ್ತು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಅದು ನೀರಿನಷ್ಟೇ ತಣ್ಣಗಿತ್ತು.

ಆ ದಿನ ಅತ್ತೆಯ ಲಿಂಗಪೂಜೆ ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಆಮೇಲೆ ಎದ್ದು ಗೋಡೆಯ ಗೇಟು ತೆರೆದು ಗೆಳತಿಯ ಮನೆಗೆ ಹೋದರು. ಇಷ್ಟು ವರ್ಷದಲ್ಲಿ ಅವರ ಜಗಲಿಯವರೆಗೆ ಹೋಗಿದ್ದುಂಟು, ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಅಂದು ದಾಟಿದರು. ನಾನು ಹಿಂದೆಯೇ ಹೋದೆ.

"ಕೊಳದಲ್ಲಿರೋ ಮೀನು ನಿಮ್ಮನೆಗೆ ಕಳಿಸ್ತೀನಮ್ಮ. ಅಡುಗೆ ಮಾಡ್ಕೊಂಡು ತಿನ್ನಿ. ಒಂದನ್ನೂ ಬಿಸಾಕ್ಬೇಡಿ" ಎಂದರು.

ಗೆಳತಿ ಸೌಟು ಹಿಡಿದು ಹಾಗೇ ನಿಂತಳು. "ಅಮ್ಮ, ನೀವು ಯೋಚ್ನೆ ಮಾಡಿ ಹೇಳ್ತಿದೀರಾ?"

"ಮಾಡಿದೀನಿ. ತಂದೋಳು ನಾನೇ ತಾನೇ. ಕಳಿಸೋಳೂ ನಾನೇ ಆಗ್ಬೇಕು."

ಎರಡು ದಿನ ಬಿಸಿಲು ಬಿದ್ದ ಮೇಲೆ ಪಂಪು ಹಚ್ಚಿ ಕೊಳದ ನೀರನ್ನು ರಸ್ತೆಬದಿಯ ಮರಗಳಿಗೆ ಬಿಟ್ಟೆವು. ಗೆಳತಿಯೂ ಅವಳ ಗಂಡನೂ ಬಲೆ ಹಿಡಿದು ಕೆಸರಿಗೆ ಇಳಿದರು. ನಮ್ಮ ಯಜಮಾನರು ಅಂಗಡಿಗೆ ಅರ್ಜೆಂಟಾಗಿ ಹೋಗಬೇಕಾಯಿತು ಎಂದು ಬೇರೆ ಹೇಳಬೇಕೇ? ಅತ್ತೆ ಉಪವಾಸವಿದ್ದರು. ಒಳಗೆ ಹೋಗಿ ಮಲಗಿ ಎಂದರೆ ಕೇಳಲಿಲ್ಲ. ಬಕೆಟ್ಟುಗಳ ಪಕ್ಕದಲ್ಲೇ ನಿಂತು, ಬಿದ್ದ ಒಂದೊಂದು ಮೀನನ್ನೂ ನೋಡುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು.

ಕೊನೆಗೆ ಕೆಸರಿನ ಒಂದು ಗುಂಡಿಯಲ್ಲಿ ಆ ದೊಡ್ಡ ತಾಯಿಮೀನು ಉಳಿದಿತ್ತು. ಅದರ ಗಂಟಲು ಉಬ್ಬಿತ್ತು, ಒಳಗೆ ಮರಿಗಳಿದ್ದವು. ಗೆಳತಿ ಬಲೆ ಕೆಳಗಿಟ್ಟು ನನ್ನ ಮುಖ ನೋಡಿದಳು. ಇದೊಂದಿರಲಿ ಎಂದು ಹೇಳಲು ನನ್ನ ಬಾಯಿ ತೆರೆದಿತ್ತು. ಇದೊಂದಿದ್ದರೆ ಮತ್ತೆ ಎಲ್ಲವೂ ಇದ್ದ ಹಾಗೆಯೇ ಎಂದು ಗೊತ್ತಿದ್ದೂ.

ಅತ್ತೆ ಮೆಟ್ಟಿಲಿಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಎರಡು ಕೈಗಳಿಂದ ಅದನ್ನು ಎತ್ತಿದರು. ಅದು ಒದ್ದಾಡಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಬಕೆಟ್ಟಿಗೆ ಇಳಿಸಿದರು.

"ತಪ್ಪು ನಿಂದಲ್ಲಮ್ಮ" ಎಂದರು ಅದಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಸುರಿದುಕೊಂಡರು. ಸಂಜೆ ಗೋಡೆಯಾಚೆಯಿಂದ ಮಸಾಲೆಯ ವಾಸನೆ ಬಂತು. ನಾವಿಬ್ಬರೂ ಕಿಟಕಿ ಮುಚ್ಚದೆ ಕೂತಿದ್ದೆವು.

ಕೊಳವನ್ನು ಸುಣ್ಣ ಎರಚಿ ಒಂದು ವಾರ ಒಣಗಲು ಬಿಟ್ಟೆವು. ಹಳದಿ ಬಳ್ಳಿಯನ್ನು ನಾನೇ ಬೇರುಸಹಿತ ಕಿತ್ತೆ, ಬೆರಳಿಗೆ ಬೊಬ್ಬೆ ಬಂದವು. ಮೆಕ್ಸಿಕನ್ ಹುಲ್ಲಿನ ಚಾಪೆಯನ್ನು ಸುತ್ತಿಸಿ ಯಜಮಾನರ ಕಣ್ಣೆದುರೇ ಸಾಗಿಸಿದೆ. ಆದರೆ ಗರಿಕೆ? ಬಜಾರಿನ ಗರಿಕೆಗೆ ಬೇರಿರುವುದಿಲ್ಲ, ತುದಿ ಮಾತ್ರ, ನೆಟ್ಟರೆ ಬಾಡಿತು. ನಾನು ಗೊಣಗುವುದನ್ನು ಕೇಳಿ ಗೆಳತಿ ತನ್ನ ತಾರಸಿಗೆ ಕರೆದುಕೊಂಡು ಹೋದಳು. ಅವಳ ಕರಿಬೇವಿನ ದೊಡ್ಡ ಕುಂಡದ ತುಂಬ ಗರಿಕೆ! ಯಾವುದೋ ಹಬ್ಬಕ್ಕೆ ನಮ್ಮಿಂದ ಬೇರುಸಮೇತ ಕಿತ್ತು ತಂದಿದ್ದರಲ್ಲಿ ಉಳಿದದ್ದನ್ನು ಅಲ್ಲಿ ಚುಚ್ಚಿದ್ದಳಂತೆ. ನಮ್ಮದೇ ಗರಿಕೆ. ನಾನು ಅವಳ ಅಡುಗೆಮನೆಯಿಂದ ತಂದ ಸೌಟಿನ ಹಿಡಿಯಿಂದ ಅಗೆಯಲು ಹೊರಟರೆ ಅವಳು ತಡೆದಳು.

"ಈ ಕಡೆಯಿಂದ ತಗೋ. ಆ ಕಡೆ ಅಗೀಬೇಡ."

ಯಾಕೆ ಎಂದು ನಾನು ಕೇಳಲಿಲ್ಲ. ಖುಷಿಯಲ್ಲಿ ಅದೆಲ್ಲ ಎಲ್ಲಿ ಹೊಳೆಯಬೇಕು?

ಮೆಟ್ಟಿಲ ಸಂದಿಗೆ ನಾನೂ ಅತ್ತೆಯೂ ಗರಿಕೆಯ ಗಂಟುಗಳನ್ನು ಒತ್ತಿದೆವು. ಮುಂಗಾರು ಹಿಡಿಯಿತು, ಕೊಳ ತುಂಬಿತು. ಬಾನಿಯಲ್ಲಿ ಉಳಿದಿದ್ದ ಮೀನುಗಳನ್ನು ಅತ್ತೆ ಮಣ್ಣಿನ ಮಡಕೆಯಲ್ಲಿ ತುಂಬಿಕೊಂಡು, ಹೊಸ ಸೀರೆ ಉಟ್ಟು ತಂದು ಬಿಟ್ಟರು. ಎರಡನೇ ಸಲ ಮದುವೆಯಾಗಿ ಬಂದ ಹಾಗಿತ್ತು ಅವರನ್ನು ನೋಡಿದರೆ. ಆ ಮಳೆಗಾಲ ಮರಿ ಕಾಣಲಿಲ್ಲ. ನಾನು ದಿನವೂ ಬಗ್ಗಿ ನೋಡಿ ಸೊಂಟ ನೋಯಿಸಿಕೊಂಡೆ. ಈ ವರ್ಷದ ಮಳೆಗೆ ಗರಿಕೆ ನೀರು ಮುಟ್ಟಿತು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ತೂಕಡಿಸುತ್ತಿದ್ದವಳು ಕಣ್ಣು ತೆರೆದರೆ, ನೆರಳಿನಲ್ಲೂ ಬಿಸಿಲಿನ ಸಣ್ಣ ಸಣ್ಣ ಚೂರುಗಳು ಓಡಾಡುತ್ತಿದ್ದವು. ನೆರಳಿನಲ್ಲಿ ಬಿಸಿಲೆಲ್ಲಿ ಬರಬೇಕು? ಅತ್ತೇ ಎಂದು ಕೂಗಿದ್ದು ಕನಸಿನಲ್ಲೋ ನಿಜವಾಗಿಯೋ ಗೊತ್ತಿಲ್ಲ. ಅವರು ಓಡಿಬಂದು, ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು.

ಗಣೇಶನ ಹಬ್ಬದ ಹಿಂದಿನ ದಿನ ರಸ್ತೆಯವರು ಮತ್ತೆ ಗರಿಕೆಗೆ ಬಂದರು. ಗೆಳತಿ ಎಲ್ಲರಿಗಿಂತ ಕೊನೆಗೆ ಬಂದಳು. ಅತ್ತೆ ಅವಳ ಕೈಗೆ ಗರಿಕೆ ಕೊಡಲು ಹೋದವರು ಕೊಡದೆ ನಿಂತರು. ಒಂದು ವರ್ಷದ ಮೇಲೆ, ಮೊದಲ ಸಲ ಆ ಮಾತೆತ್ತಿದರು.

"ಅವತ್ತಿನ ಅಡುಗೆ ರುಚಿಯಾಗಿತ್ತೇನಮ್ಮ? ಎಲ್ಲಾ ತಿಂದ್ರಾ?"

ಗೆಳತಿ ತಲೆ ತಗ್ಗಿಸಿದಳು. "ರುಚಿಯಾಗಿತ್ತು ಅಮ್ಮ. ಎಲ್ಲಾ ತಿಂದ್ವಿ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅವಳೊಬ್ಬಳನ್ನ ಬಿಟ್ಟು. ಕತ್ತಿ ಇಡೋಕಾಗ್ಲಿಲ್ಲ. ಬಕೆಟ್ಟಲ್ಲೇ ಪ್ರಾಣ ಹೋಗಿತ್ತು, ಮರಿಗಳದ್ದೂ. ಕರಿಬೇವಿನ ಕುಂಡದಲ್ಲಿ ಮಣ್ಣು ಮಾಡ್ದೆ" ಎಂದಳು.

ಅತ್ತೆ ಕೈಯಲ್ಲಿದ್ದ ಗರಿಕೆಯನ್ನು ನೋಡಿದರು, ಕಲ್ಲಂಚಿನಿಂದ ನೀರಿಗೆ ಇಳಿದಿದ್ದ ಎಳೆಗಳನ್ನು ನೋಡಿದರು. ಆ ಕುಂಡದಿಂದಲೇ ಬಂದದ್ದು ಎಂದು ನಾನು ಹೇಳಬೇಕಾಗಿರಲಿಲ್ಲ. ಅವರು ಗರಿಕೆಯನ್ನು ಗೆಳತಿಯ ಸೆರಗಿಗೆ ಹಾಕಿ, ಎಂದೂ ಏಕವಚನದಲ್ಲಿ ಮಾತಾಡಿಸದಿದ್ದ ಅವಳ ಕೆನ್ನೆಯನ್ನು ಒದ್ದೆ ಕೈಯಿಂದ ಸವರಿದರು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೇ" ಎಂದರು.